ಒಂಬತ್ತನೆಯ ತರಗತಿಯ ಬ್ಲಾಗಿನಿಂದ ನಾನು ಅಳಿಸಿದ್ದು

ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ. ಸಿದ್ದಕಟ್ಟೆಯವರೆಗೆ ಸೀಟು ಸಿಗುವುದು ಕಷ್ಟ, ಅಲ್ಲಿ ಒಂದಷ್ಟು ಜನ ಇಳಿದ ಮೇಲೆ ಕೂತರೆ ಕೂತಲ್ಲೇ ಕಣ್ಣು ಮುಚ್ಚಿಹೋಗುತ್ತಿತ್ತು. ಬಂಟ್ವಾಳದ ಸರಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಟೀಚರಾಗಿ ನಾನು ಹನ್ನೊಂದು ವರ್ಷ ಆ ದಾರಿಯಲ್ಲಿ ಹೋಗಿ ಬಂದಿದ್ದೇನೆ. ಕೊನೆಯ ಮೂರು ವರ್ಷ ಆ ಅರ್ಧ ಗಂಟೆಯ ನಿದ್ದೆಯೂ ಇರಲಿಲ್ಲ. ಮಕ್ಕಳ ಬ್ಲಾಗು ಅದನ್ನು ತಿಂದುಹಾಕಿತ್ತು.

ಬೆಳ್ತಂಗಡಿಯಲ್ಲಿ ನಡೆದ ಎರಡು ದಿನದ ತರಬೇತಿಯೊಂದರಿಂದ ಇದು ಶುರುವಾಯಿತು. ಅಂಥ ತರಬೇತಿಗಳಿಗೆ ನಾವು ಹೋಗುವುದು ಹಾಜರಿಗಾಗಿ. ಎರಡನೇ ದಿನ ಮಧ್ಯಾಹ್ನ ಊಟವಾದ ಮೇಲೆ ಅರ್ಧ ಜನ ಬಸ್ಸಿನ ಸಮಯ ನೋಡುತ್ತಿರುತ್ತಾರೆ. ನನ್ನ ವಿದ್ಯಾರ್ಥಿನಿಯಾಗಿರಬಹುದಾಗಿದ್ದಷ್ಟು ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳು ಪರದೆಯ ಮೇಲೆ ತರಗತಿಗೊಂದು ಬ್ಲಾಗು ತೆರೆಯುವುದು ಹೇಗೆಂದು ತೋರಿಸಿದಳು. ತೋರಿಸಿ ಮುಗಿದ ಮೇಲೆ ಹೇಳಿದಳು: "ಮಕ್ಕಳ ಪ್ರಬಂಧಕ್ಕೆ ನೀವೊಬ್ಬರೇ ಓದುಗರು. ಇನ್ನೊಬ್ಬರು ಓದ್ತಾರೆ ಅಂತ ಗೊತ್ತಾದ್ರೆ ಅವರು ಹೇಗೆ ಬರೀತಾರೆ, ಒಮ್ಮೆ ನೋಡಿ."

ಆ ಮಾತು ನನಗೆ ಎಲ್ಲಿಯೋ ತಾಗಿತು. ಯಾಕೆಂದರೆ ನಾನು ಓದುವವಳೂ ಆಗಿರಲಿಲ್ಲ. ಎಷ್ಟೋ ವರ್ಷಗಳಿಂದ ಪ್ರಬಂಧದ ಮೊದಲ ಸಾಲು, ಕೊನೆಯ ಸಾಲು ನೋಡಿ, ನಡುವೆ ಎರಡು ಕಡೆ ಕೆಂಪು ಗೆರೆ ಎಳೆದು, ಅಡಿಯಲ್ಲಿ 'ಚೆನ್ನಾಗಿದೆ' ಎಂದು ಬರೆದು ಮುಗಿಸುತ್ತಿದ್ದೆ. ಮಕ್ಕಳಿಗೂ ಅದು ಗೊತ್ತಿತ್ತು.

ಮುಖ್ಯೋಪಾಧ್ಯಾಯರು ಬೇಡ ಎನ್ನಲಿಲ್ಲ. "ಮಾಡಿ ಟೀಚರ್, ಒಳ್ಳೇದೇ. ಆದ್ರೆ ಲ್ಯಾಬಿನ ಯುಪಿಎಸ್ ಎಂತಾದ್ರೂ ಆದ್ರೆ ನನ್ನತ್ರ ಕೇಳ್ಬೇಡಿ," ಎಂದರು. ಲ್ಯಾಬಿನಲ್ಲಿ ಎಂಟು ಕಂಪ್ಯೂಟರು ಇದ್ದವು. ಐದು ಚಾಲೂ ಆಗುತ್ತಿದ್ದವು. ಮಳೆ ಜೋರಾದರೆ ಇಂಟರ್ನೆಟ್ ಹೋಗುತ್ತಿತ್ತು, ಮಳೆ ನಿಂತ ಮೇಲೆ ಕರೆಂಟು ಹೋಗುತ್ತಿತ್ತು. ಒಂಬತ್ತನೇ ತರಗತಿಯ ಮೂವತ್ತೊಂಬತ್ತು ಮಕ್ಕಳಲ್ಲಿ ಒಬ್ಬರಿಗೂ ಕೀಲಿಮಣೆಯಲ್ಲಿ ಒತ್ತಕ್ಷರ ಹಾಕಲು ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. 'ಕೃಷ್ಣ' ಎಂದು ಬರೆಯಲು ನಾವೆಲ್ಲ ಸೇರಿ ಒಂದು ಪೀರಿಯಡ್ ಕಳೆದದ್ದುಂಟು. ಕೊನೆಗೆ ಒಂದು ಕ್ರಮ ಬಂತು: ಅವರು ನೋಟ್ ಬುಕ್ಕಿನಲ್ಲಿ ಬರೆಯುವುದು, ನಾಲ್ಕು ಸಾಲು ಲ್ಯಾಬಿನಲ್ಲಿ ಟೈಪು ಮಾಡುವುದು, ಉಳಿದದ್ದನ್ನು ನಾನು ಬಸ್ಸಿನಲ್ಲಿ ಮೊಬೈಲಿನಲ್ಲಿ ಒತ್ತುವುದು. ಬಲಗೈ ಹೆಬ್ಬೆರಳಿನ ಬುಡ ಆ ವರ್ಷವೇ ನೋಯತೊಡಗಿತು. ಡಾಕ್ಟರು ಮೊಬೈಲು ಕಡಿಮೆ ಮಾಡಿ ಎಂದರು.

ಆದರೂ ಮೊದಲ ಕೆಲವು ತಿಂಗಳು ಖುಷಿಯಿತ್ತು ಎಂದು ಹೇಳಲೇಬೇಕು. ಒಬ್ಬಳು ಪತ್ರೊಡೆ ಮಾಡುವುದು ಹೇಗೆಂದು ಬರೆದಳು. ಅದಕ್ಕೆ ಯಾವುದೋ ಊರಿನ, ಯಾರೆಂದು ನಮಗೆ ಗೊತ್ತಿಲ್ಲದ ಹೆಂಗಸೊಬ್ಬರು, "ಹುಣಸೆಹುಳಿ ಇಷ್ಟು ಸಾಲದು ಮಗಾ, ಗಂಟಲು ತುರಿಸುತ್ತದೆ" ಎಂದು ಕಾಮೆಂಟು ಹಾಕಿದರು. ತರಗತಿಯಲ್ಲಿ ಎರಡು ಪೀರಿಯಡ್ ಹುಣಸೆಹುಳಿಯದ್ದೇ ಚರ್ಚೆ. ಯಾವ ಕೆಸುವಿನ ಎಲೆ, ಮಳೆಗಾಲದ್ದೋ ಆಮೇಲಿನದ್ದೋ, ಎಲ್ಲ ಮನೆಯಲ್ಲಿ ಕೇಳಿಕೊಂಡು ಬಂದರು. ಆ ಪತ್ರೊಡೆಯ ಹುಡುಗಿ ತನ್ನ ಬರಹವನ್ನು ಮೂರು ಸಲ ತಿದ್ದಿದಳು. ನಾನು ಕೆಂಪು ಗೆರೆ ಎಳೆದಾಗ ಒಮ್ಮೆಯೂ ತಿದ್ದದವಳು. ದುಬೈಯಲ್ಲಿದ್ದ ಒಬ್ಬ ತಂದೆ ಪ್ರತಿ ಶುಕ್ರವಾರ ಎಲ್ಲರ ಬರಹಕ್ಕೂ 'ಸೂಪರ್' ಎಂದು ಹಾಕುತ್ತಿದ್ದರು. ತನ್ನ ಮಗನದಕ್ಕೆ ಮಾತ್ರ ಏನೂ ಹಾಕುತ್ತಿರಲಿಲ್ಲ; ನಾಚಿಕೆ ಇರಬೇಕು.

ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತಾಡುವ ಮಕ್ಕಳಿಗೆ ಕನ್ನಡವೆಂದರೆ ಪುಸ್ತಕ, ಪರೀಕ್ಷೆ, ಆಫೀಸು. ಆ ಕನ್ನಡದಲ್ಲಿ ಮನೆಯ ಸಂಗತಿಗಳನ್ನೂ ಹೇಳಬಹುದೆಂದು ಅವರಿಗೆ ಗೊತ್ತಾದದ್ದು ಬ್ಲಾಗಿನಿಂದ ಎಂದು ನಾನು ನಂಬಿದ್ದೆ. ಈಗಲೂ ಅಷ್ಟನ್ನು ನಂಬುತ್ತೇನೆ.

ಬ್ಲಾಗಿನ ಎರಡನೇ ವರ್ಷ, ಆಟಿ ತಿಂಗಳ ಜಡಿಮಳೆಗೆ ನೇತ್ರಾವತಿ ಏರಿತು. ಬಂಟ್ವಾಳದ ಪೇಟೆಗೆ ನೀರು ಬರುವುದು ಹೊಸತಲ್ಲ. ಅಂಗಡಿಯವರು ಗೋಡೆಯಲ್ಲಿ ಹಳೆಯ ಗುರುತು ತೋರಿಸಿ "ಈ ಸಲ ಇಷ್ಟು" ಎಂದು ಲೆಕ್ಕ ಹೇಳುತ್ತಾರೆ. ಆ ಸಲ ತುಸು ಹೆಚ್ಚು ಬಂತು. ಶಾಲೆಗೆ ನಾಲ್ಕು ದಿನ ರಜೆ ಸಿಕ್ಕಿತು. ನಾನು ಮೂಡುಬಿದಿರೆಯ ಮನೆಯಲ್ಲಿ ಟಿವಿ ನೋಡುತ್ತ ಕೂತೆ. ಶಾಲೆ ಮತ್ತೆ ತೆರೆದಾಗ ಕೆಲವು ಮಕ್ಕಳ ಪುಸ್ತಕ ಹೋಗಿತ್ತು, ಕೆಲವರ ಸಮವಸ್ತ್ರ ಕೆಸರಿನ ಬಣ್ಣಕ್ಕೆ ತಿರುಗಿತ್ತು. ನಾವು ಪುಸ್ತಕ ಒಟ್ಟುಮಾಡಿ ಹಂಚಿದೆವು. ಬೇರೇನೂ ನಾನು ಗಮನಿಸಲಿಲ್ಲ. ಆ ವರ್ಷದ ಒಂಬತ್ತನೇ ತರಗತಿಯಲ್ಲಿ ಇಬ್ಬರು ಹುಡುಗಿಯರು ಐದನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವರು, ನೆರೆಯ ನಂತರ ಬೇರೆಬೇರೆ ಬೆಂಚಿಗೆ ಹೋಗಿದ್ದರು. ಅದೂ ನನ್ನ ಕಣ್ಣಿಗೆ ಬೀಳಲಿಲ್ಲ.

ಅವರಲ್ಲಿ ಒಬ್ಬಳ ಮನೆ ಹೊಳೆಯ ಬದಿಯ ತಗ್ಗು ಓಣಿಯಲ್ಲಿ. ತಾಯಿ ಬೀಡಿ ಕಟ್ಟುತ್ತಿದ್ದರು, ತಂದೆ ರಿಕ್ಷಾ ಓಡಿಸುತ್ತಿದ್ದರು. ಇನ್ನೊಬ್ಬಳ ಮನೆ ಅದೇ ಓಣಿಯ ತಲೆಯಲ್ಲಿ, ಸ್ವಲ್ಪ ಎತ್ತರದ ಜಾಗದಲ್ಲಿ ಕಟ್ಟಿದ ಎರಡು ಮಾಳಿಗೆಯ ಟೆರೇಸ್ ಮನೆ. ತಂದೆಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಅವರು ನಮ್ಮ ಶಾಲಾಭಿವೃದ್ಧಿ ಸಮಿತಿಯಲ್ಲೂ ಇದ್ದರು. ಲ್ಯಾಬಿಗೆ ಫ್ಯಾನು ಹಾಕಿಸಿಕೊಟ್ಟವರು ಅವರೇ.

ತಗ್ಗು ಓಣಿಯ ಹುಡುಗಿ ಮಾತು ಕಡಿಮೆ. ಪ್ರಶ್ನೆ ಕೇಳಿದರೆ ಎದ್ದು ನಿಂತು ಮೇಜು ನೋಡುತ್ತಿದ್ದಳು. ಬ್ಲಾಗಿಗೂ ಅದುವರೆಗೆ ಬರೆದದ್ದು ಒಂದೇ ಒಂದು, ಕೋಳಿಮರಿಗಳ ಬಗ್ಗೆ ಆರು ಸಾಲು. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನೋಟ್ ಬುಕ್ ಚಾಚಿದಳು. ಎರಡೂವರೆ ಪುಟ ಬರೆದಿದ್ದಳು. ಮೇಲೆ 'ಬೊಳ್ಳ' ಎಂದಿತ್ತು.

"ಬೊಳ್ಳ ತುಳು ಅಲ್ವಾ? ಕನ್ನಡದಲ್ಲಿ ನೆರೆ ಅಂತ ಹಾಕು," ಎಂದೆ.

"ನೆರೆ ಅಂದ್ರೆ ನೆರೆಮನೆ ಅಲ್ವಾ ಟೀಚರ್?"

"ಎರಡಕ್ಕೂ ಅದೇ ಶಬ್ದ."

"ಹಾಗಾದ್ರೆ ನೆರೆ ಅಂತಲೇ ಇರ್ಲಿ," ಎಂದಳು. ಶಬ್ದದ ಅರ್ಥ ಹೇಳಿಕೊಟ್ಟ ಸಮಾಧಾನದಲ್ಲಿ ನಾನು ನೋಟ್ ಬುಕ್ಕನ್ನು ಚೀಲಕ್ಕೆ ಹಾಕಿದೆ.

ಮರುದಿನ ಬಸ್ಸಿನಲ್ಲಿ ಸಿದ್ದಕಟ್ಟೆ ದಾಟಿದ ಮೇಲೆ ಅದನ್ನು ಓದಿದೆ. ನೆನಪಿನಿಂದ ಬರೆಯುತ್ತಿದ್ದೇನೆ; ಹೆಚ್ಚುಕಡಿಮೆ ಹೀಗಿತ್ತು: "ಬೆಳಿಗ್ಗೆ ಒಂಬತ್ತು ಗಂಟೆಗೆ ನೀರು ನಮ್ಮ ಮೆಟ್ಟಿಲಿಗೆ ಬಂತು. ಅಮ್ಮ ಬೀಡಿ ಎಲೆಯ ಕಟ್ಟನ್ನು ಅಟ್ಟಕ್ಕೆ ಹಾಕಿದರು. ಹತ್ತು ಗಂಟೆಗೆ ಎಲೆಯೂ ಬೇಡ ಏನೂ ಬೇಡ ಎಂದರು. ಅಪ್ಪ ಅಜ್ಜಿಯನ್ನು ಹೊತ್ತುಕೊಂಡರು. ನಾವು ಮೇಲಿನ ದೊಡ್ಡ ಮನೆಗೆ ಹೋದೆವು. ಗೇಟಿಗೆ ಬೀಗ ಇತ್ತು. ಗೇಟಿನ ಒಳಗೆ ಮರಳಿನ ಚೀಲ ಇಟ್ಟಿದ್ದರು. ನಾವು ಕರೆದೆವು. ಟೆರೇಸಿನಲ್ಲಿ ಅವರ ಮಗಳ ಹಸಿರು ಚೂಡಿದಾರ ಕಂಡಿತು. ನಾವು ಪುನಃ ಕರೆದೆವು. ನೀರು ನನ್ನ ಸೊಂಟಕ್ಕೆ ಬಂತು. ಆಮೇಲೆ ದೋಣಿಯವರು ಬಂದು ನಮ್ಮನ್ನು ಹತ್ತಿಸಿಕೊಂಡರು. ದೋಣಿಯಲ್ಲಿ ಅಜ್ಜಿ ಚಪ್ಪಲಿ ಬಿಟ್ಟು ಬಂದೆ ಎಂದು ಅತ್ತರು."

ಪ್ರಕೃತಿಯ ಮುನಿಸು ಎಂಬ ಮಾತಿರಲಿಲ್ಲ. ಜಲರಾಕ್ಷಸ ಇರಲಿಲ್ಲ. ಇಪ್ಪತ್ತಾರು ವರ್ಷ ಪ್ರಬಂಧ ತಿದ್ದಿದವಳಿಗೆ ಅದು ಎಂಥ ಸಂತೋಷವೆಂದು ಬೇರೆಯವರಿಗೆ ಹೇಳುವುದು ಕಷ್ಟ. ನಾಲ್ಕು ಕಡೆ ದೀರ್ಘ ಸರಿಮಾಡಿ, ನೋಯುವ ಬೆರಳಿನಿಂದಲೇ ಪೂರ್ತಿ ಒತ್ತಿ, ಬಂಟ್ವಾಳದಲ್ಲಿ ಇಳಿಯುವ ಮೊದಲು ಪ್ರಕಟಿಸಿಬಿಟ್ಟೆ. ಬರಹ ನೋಡಿದೆ, ಮನೆ ನೋಡಲಿಲ್ಲ. ಆ ದೊಡ್ಡ ಮನೆ ಯಾರದೆಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಊರಿನವಳಾಗಿದ್ದರೆ ಹೊಳೆಯುತ್ತಿತ್ತೋ ಏನೋ. ನಾನು ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುವವಳು.

ಊರಿನವರಿಗೆ ಕೇಳುವ ಅಗತ್ಯವೇ ಬೀಳಲಿಲ್ಲ. ಯಾರೋ ಅದನ್ನು ವಾಟ್ಸಾಪ್ ಗುಂಪಿಗೆ ಹಾಕಿದರು. ಮೂರನೇ ದಿನ ಮೊದಲ ಪೀರಿಯಡ್ ಮುಗಿಯುವಾಗ ಮುಖ್ಯೋಪಾಧ್ಯಾಯರು ಕರೆಸಿದರು. ಟೆರೇಸ್ ಮನೆಯ ಹುಡುಗಿಯ ತಂದೆ ಅಲ್ಲಿ ಕೂತಿದ್ದರು. ಕೂಗಾಡಲು ಬಂದವರಂತೆ ಕಾಣಲಿಲ್ಲ. ನಿದ್ದೆ ಇಲ್ಲದ ಮುಖ.

"ನಾನು ಜಗಳಕ್ಕೆ ಬಂದದ್ದಲ್ಲ ಟೀಚರ್," ಎಂದರು. "ನನ್ನ ಅಮ್ಮ ಕೆಳಗಿನ ಕೋಣೆಯಲ್ಲಿ ಮಲಗಿದಲ್ಲೇ ಇದ್ದಾರೆ, ಎದ್ದು ಕೂರ್ಲಿಕ್ಕೆ ಆಗುದಿಲ್ಲ. ಗೇಟು ತೆಗೆದ್ರೆ ನೀರು ಸೀದಾ ಅವರ ಕೋಣೆಗೆ. ನಾನು, ನನ್ನ ತಮ್ಮ ಅವರನ್ನು ಕುರ್ಚಿಯಲ್ಲಿ ಕೂರ್ಸಿ ಮೇಲೆ ಹತ್ತಿಸ್ತಾ ಇದ್ದೆವು. ಕರೆದದ್ದು ಕೇಳಿದೆ. ಕೇಳ್ಲಿಲ್ಲ ಅಂತ ನಾನು ಸುಳ್ಳು ಹೇಳುದಿಲ್ಲ. ಅಮ್ಮನನ್ನು ಮೇಲೆ ಮುಟ್ಟಿಸಿ ಬರುವ ಅಂತ ಇದ್ದೆ. ಬರುವಾಗ ದೋಣಿ ಬಂದಾಗಿತ್ತು."

"ಅವಳು ಯಾರ ಹೆಸರೂ ಹಾಕಿಲ್ಲ," ಎಂದೆ.

"ಬಂಟ್ವಾಳದಲ್ಲಿ ಹೆಸರು ಹಾಕ್ಬೇಕಾ ಟೀಚರ್?"

ಮುಖ್ಯೋಪಾಧ್ಯಾಯರು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಇದ್ದರು. "ತೆಗೆಯುವ ಟೀಚರ್. ಎಂತಕ್ಕೆ ಬೇಕು ಇದೆಲ್ಲ. ಮಕ್ಕಳು ಮಕ್ಕಳ ಹಾಗೆ ಬರೀಲಿ."

"ನನ್ನ ಮಗಳು ಎರಡು ದಿನದಿಂದ ಸರಿ ಊಟ ಮಾಡುದಿಲ್ಲ," ಎಂದು ಆ ತಂದೆ ಎದ್ದರು. "ನಿಮಗೂ ಮಕ್ಕಳಿರಬಹುದು."

ಅವಮಾನದಿಂದ ಊಟ ಬಿಟ್ಟಿದ್ದಾಳೆಂದು ಅವರು ತಿಳಿದಿದ್ದರು. ನಾನೂ ಹಾಗೆಯೇ ತಿಳಿದೆ. ನಾಳೆ ಯೋಚಿಸೋಣ ಎಂದು ಹೇಳಬಹುದಿತ್ತು. ಆ ಹುಡುಗಿಯನ್ನು ಕೇಳುತ್ತೇನೆ ಎಂದು ಹೇಳಬಹುದಿತ್ತು. ಮೂರು ತರಗತಿಗಳ ಕಿರುಪರೀಕ್ಷೆಯ ಉತ್ತರಪತ್ರಿಕೆ ಬಾಕಿ ಇತ್ತು, ಬೆನ್ನು ನೋಯುತ್ತಿತ್ತು, ಎದುರಿಗೆ ಇಬ್ಬರು ಗಂಡಸರು ನನ್ನ ಒಂದು ಮಾತಿಗೆ ಕಾಯುತ್ತಿದ್ದರು. "ಆಯ್ತು, ತೆಗೀತೇನೆ," ಎಂದೆ.

ಮೊಬೈಲಿನಲ್ಲಿ ನೆಟ್ ಸಿಗದೆ ಲ್ಯಾಬಿಗೆ ಹೋದೆ. ಮುಖ್ಯೋಪಾಧ್ಯಾಯರೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಬ್ಲಾಗಿಗೆ ಬರುವ ಕಾಮೆಂಟುಗಳನ್ನು ನಾನು ಒಪ್ಪಿದ ಮೇಲೆಯೇ ಅವು ಹೊರಗೆ ಕಾಣುವಂತೆ ಇಟ್ಟಿದ್ದೆ. ಒಳಗೆ ಹೋದಾಗ ಆ ಬರಹಕ್ಕೆ ಒಂದು ಕಾಮೆಂಟು ಬಂದು ಕಾಯುತ್ತಿತ್ತು. ನಮ್ಮ ಮಕ್ಕಳು ಕಾಮೆಂಟಿನ ಅಡಿಯಲ್ಲಿ ಹೆಸರಿನ ಬದಲು ಹಾಜರಿ ಪಟ್ಟಿಯ ಸಂಖ್ಯೆ ಬರೆಯುವುದು ರೂಢಿ. ಸಂಖ್ಯೆ ನೋಡಿದ ಕೂಡಲೇ ಯಾರೆಂದು ಗೊತ್ತಾಯಿತು. ಟೆರೇಸ್ ಮನೆಯ ಹುಡುಗಿ ಬರೆದಿದ್ದಳು:

"ಇದು ನಿಜ. ನಾನು ಮೇಲೆ ಇದ್ದೆ. ನೀನು ಕರೆದದ್ದು ನನಗೆ ಕೇಳಿತು. ಬೀಗದ ಕೈ ಎಲ್ಲಿ ಉಂಟೆಂದು ನನಗೆ ಗೊತ್ತಿತ್ತು."

ಎರಡು ಸಲ ಓದಿದೆ. ಅವಳು ಊಟ ಬಿಟ್ಟದ್ದು ಯಾಕೆಂದು ಆಗ ತಿಳಿಯಿತು.

"ಆಯ್ತಾ ಟೀಚರ್?" ಎಂದರು ಮುಖ್ಯೋಪಾಧ್ಯಾಯರು ಬಾಗಿಲಿನಿಂದ.

ಬರಹವನ್ನು ಅಳಿಸಿದರೆ ಅದರ ಕಾಮೆಂಟುಗಳೂ ಅಳಿಯುತ್ತವೆ. ಖಚಿತವೇ ಎಂದು ಕಂಪ್ಯೂಟರು ಕೇಳಿತು. ಒತ್ತಿದೆ. ಆ ನಾಲ್ಕು ವಾಕ್ಯಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಲು ಒಂದು ನಿಮಿಷ ಸಾಕಿತ್ತು. ಅದನ್ನೂ ಮಾಡಲಿಲ್ಲ. ಅದು ನನ್ನ ಮೈಮೇಲೆ ಬರುವುದು ಬೇಡವಾಗಿತ್ತು, ಅಷ್ಟೇ.

ಮರುದಿನ ತಗ್ಗು ಓಣಿಯ ಹುಡುಗಿಯನ್ನು ಕಾರಿಡಾರಿನಲ್ಲಿ ನಿಲ್ಲಿಸಿ, "ನಿನ್ನ ಬರಹ ಸ್ವಲ್ಪ ದಿನಕ್ಕೆ ತೆಗೆದಿಟ್ಟಿದ್ದೇನೆ," ಎಂದೆ. ಸ್ವಲ್ಪ ದಿನ ಎಂಬುದು ಸುಳ್ಳು. ಅವಳು "ಆಯ್ತು ಟೀಚರ್" ಎಂದು ತರಗತಿಗೆ ಹೋದಳು.

ಒಂದು ಬರಹ ಹೋದದ್ದು ಎಲ್ಲ ಮಕ್ಕಳಿಗೂ ಗೊತ್ತಾಯಿತು. ಯಾರೂ ಏನೂ ಕೇಳಲಿಲ್ಲ. ಆದರೆ ಅಲ್ಲಿಂದ ಮುಂದೆ ಬ್ಲಾಗಿಗೆ ಬಂದದ್ದೆಲ್ಲ ನಾನು ಹಿಂದೆ ಕೆಂಪು ಗೆರೆ ಎಳೆಯುತ್ತಿದ್ದ ಜಾತಿಯದ್ದೇ. ದೀಪಾವಳಿ ಬೆಳಕಿನ ಹಬ್ಬ. ಗ್ರಂಥಾಲಯ ಜ್ಞಾನದ ಭಂಡಾರ. ಕಾಡು ಉಳಿಸಿ ನಾಡು ಬೆಳೆಸಿ. ಹತ್ತನೆಯದಕ್ಕೆ ಹೋಗಿದ್ದ ಪತ್ರೊಡೆಯ ಹುಡುಗಿ ಕೂಡ ಪರಿಸರ ಮಾಲಿನ್ಯದ ಬಗ್ಗೆ ಬರೆದಳು, ಯಾವುದೋ ಗೈಡಿನಿಂದ ತೆಗೆದದ್ದು. ದುಬೈಯ ತಂದೆ ಎಲ್ಲಕ್ಕೂ 'ಸೂಪರ್' ಹಾಕುತ್ತಲೇ ಇದ್ದರು. ಬಸ್ಸಿನಲ್ಲಿ ಕೂತು ಅವನ್ನೆಲ್ಲ ಒತ್ತುವಾಗ ಬೆರಳಿಗಿಂತ ಹೆಚ್ಚಿಗೆ ಇನ್ನೆಲ್ಲೋ ಆಯಾಸವಾಗುತ್ತಿತ್ತು. ನಿಲ್ಲಿಸಿಬಿಡುವ ಎಂದು ಎಷ್ಟೋ ಸಲ ಅನ್ನಿಸಿತು. ನಿಲ್ಲಿಸಿದರೆ ಯಾಕೆಂದು ಹೇಳಬೇಕಾಗುತ್ತದೆ ಎಂದು ಮುಂದುವರಿಸಿದೆ.

ಆ ಕಾಮೆಂಟಿನ ವಿಷಯ ಮಾತ್ರ ಒಳಗೇ ಉಳಿಯಿತು. ಅದು ನನಗೆ ಬಂದದ್ದಲ್ಲ. ಒಬ್ಬಳು ಇನ್ನೊಬ್ಬಳಿಗೆ ಬರೆದ ಕಾಗದವನ್ನು ನಾನು ನಡುವೆ ಹಿಡಿದು ಹರಿದುಹಾಕಿದಂತಾಗಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಮುಂದೂಡಿದೆ. ಮಧ್ಯಾವಧಿ ಪರೀಕ್ಷೆ ಬಂತು, ಮತದಾರರ ಪಟ್ಟಿಯ ಕೆಲಸ ಬಂತು, ಪ್ರತಿಭಾ ಕಾರಂಜಿ ಬಂತು. ತರಗತಿಯಲ್ಲಿ ಅವರಿಬ್ಬರ ಕಡೆ ನಾನು ನೇರ ನೋಡುತ್ತಿರಲಿಲ್ಲ. ನೋಡಿದ್ದರೆ ಬಹಳ ಹಿಂದೆಯೇ ಗೊತ್ತಾಗುತ್ತಿತ್ತು.

ಡಿಸೆಂಬರಿನಲ್ಲಿ, ಮಧ್ಯಾಹ್ನದ ಬಿಸಿಯೂಟ ಮುಗಿದು ಮಕ್ಕಳು ತಟ್ಟೆ ತೊಳೆಯುವಾಗ, ತಗ್ಗು ಓಣಿಯ ಹುಡುಗಿ ನಲ್ಲಿಯ ಹತ್ತಿರ ಒಬ್ಬಳೇ ಸಿಕ್ಕಿದಳು. ಹತ್ತಿರ ಹೋಗಿ ನಿಂತೆ.

"ನಿನ್ನ ನೆರೆಯ ಪೋಸ್ಟಿಗೆ ಒಂದು ಕಾಮೆಂಟು ಬಂದಿತ್ತು. ನಾನು ನಿನಗೆ ತೋರಿಸ್ಲಿಲ್ಲ."

"ಗೊತ್ತುಂಟು ಟೀಚರ್."

"ಎಂತ ಗೊತ್ತುಂಟು?"

"ಅವಳೇ ಹೇಳಿದ್ಳು. ನೀವು ತೆಗೆದ ದಿನವೇ ಸಂಜೆ ನಮ್ಮಲ್ಲಿಗೆ ಬಂದಿದ್ಳು. ಕಾಮೆಂಟು ಹಾಕಿದ್ದೆ, ಅದೂ ಹೋಯ್ತು ಅಂತ ಹೇಳಿದ್ಳು. ಎಂತ ಬರ್ದಿದ್ದೆ ಅಂತ ಕೇಳಿದೆ. ಹೇಳಿದ್ಳು."

"ಮತ್ತೆ?"

"ಮತ್ತೆ ಎಂತ ಇಲ್ಲ. ಅಮ್ಮನ ಹತ್ರ ಕೂತು ಬೀಡಿಗೆ ನೂಲು ಸುತ್ತಿದ್ಳು. ಒಂದೂ ಸರಿ ಆಗ್ಲಿಲ್ಲ. ಅಮ್ಮ ಎಲ್ಲ ಬಿಚ್ಚಿ ಪುನಃ ಕಟ್ಟಿದ್ರು." ಹೇಳುವಾಗ ಅವಳಿಗೆ ನಗು ಬಂತು.

"ನಿನಗೆ ಸಿಟ್ಟು ಬರ್ಲಿಲ್ವಾ ಅವಳತ್ರ?"

"ಮೊದಲು ಇತ್ತು. ಅದಕ್ಕೇ ಬರ್ದದ್ದು."

ಬೇಡವೆಂದುಕೊಂಡೇ ಕೇಳಿದೆ: "ನನ್ನತ್ರ?"

ಅವಳು ತಟ್ಟೆಯನ್ನು ಇನ್ನೊಮ್ಮೆ ತೊಳೆದಳು. ಅದು ತೊಳೆದಾಗಿತ್ತು. "ಕೇಳಿ ತೆಗೀಬಹುದಿತ್ತು ಟೀಚರ್," ಎಂದಳು. "ಕೇಳಿದ್ರೆ ನಾನು ಬೇಡ ಅಂತ ಹೇಳ್ತಿರ್ಲಿಲ್ಲ. ಅದು ಅವಳು ಓದ್ಲಿ ಅಂತಲೇ ಬರ್ದದ್ದು. ಅವಳು ಓದಿ ಆಗಿತ್ತಲ್ಲ."

ಬೆಳ್ತಂಗಡಿಯಲ್ಲಿ ಕಲಿತು ಬಂದದ್ದು, ದೂರದೂರಿನ ಓದುಗರು, ಹುಣಸೆಹುಳಿ, ಶುಕ್ರವಾರದ ಸೂಪರ್, ಎಲ್ಲವೂ ಆ ನಲ್ಲಿಯ ಹತ್ತಿರ ಸಣ್ಣದಾಗಿ ಕಂಡಿತು. ಅವಳಿಗೆ ಬೇಕಾಗಿದ್ದದ್ದು ಓದುವವಳು ಒಬ್ಬಳು. ಎದುರಿಗೆ ನಿಂತು ಮಾತಿನಲ್ಲಿ ಹೇಳಲು ಆಗದ್ದನ್ನು ಹೇಳಲಿಕ್ಕೆ ಒಂದು ಗೋಡೆ ಬೇಕಿತ್ತು, ನಾವು ಕೊಟ್ಟ ಗೋಡೆಯನ್ನು ಅವಳು ಅದಕ್ಕೆ ಬಳಸಿಕೊಂಡಳು. ಇನ್ನೊಬ್ಬಳೂ ಅಲ್ಲೇ ಉತ್ತರ ಬರೆದಳು. ಅದನ್ನು ನಾನು ಒರೆಸಿದಾಗ ಅವಳು ನಡೆದುಕೊಂಡು ಓಣಿ ಇಳಿದು ಹೋದಳು. ಮಧ್ಯದಲ್ಲಿ ನಾನು ಹೆದರಿದ್ದೊಂದೇ ಬಾಕಿ.

"ಪುನಃ ಹಾಕುವಾ? ನಿನ್ನ ನೋಟ್ ಬುಕ್ಕಿನಲ್ಲಿ ಉಂಟಲ್ಲ?" ಎಂದೆ.

"ಬೇಡ ಟೀಚರ್. ಅವಳ ಅಜ್ಜಿ ತೀರಿಹೋದ್ರು, ಹೋದ ತಿಂಗಳು. ಈಗ ಬೇಡ."

"ತಪ್ಪಾಯ್ತು ನನ್ನಿಂದ."

ಅವಳಿಗೆ ಮುಜುಗರವಾಯಿತು. "ಹಾಗೆಲ್ಲ ಹೇಳ್ಬೇಡಿ ಟೀಚರ್," ಎಂದು ಒದ್ದೆ ತಟ್ಟೆಯನ್ನು ಲಂಗಕ್ಕೆ ಒತ್ತಿಕೊಂಡು ಹೊರಟೇ ಹೋದಳು. ತರಗತಿಗೆ ಹೋಗಿ ನೋಡಿದರೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದರು. ಯಾವಾಗಿನಿಂದಲೋ.

ಮುಂದಿನ ವರ್ಷ ಹತ್ತನೆಯದರಲ್ಲಿ ಇಬ್ಬರೂ ಪಾಸಾದರು. ಈಗ ಒಟ್ಟಿಗೆ ಪಿಯುಸಿಗೆ ಹೋಗುತ್ತಾರೆಂದು ಕೇಳಿದ್ದೇನೆ. ಅವರು ಹತ್ತನೆಯದರಲ್ಲಿದ್ದ ಮಳೆಗಾಲ ಹೊಳೆಯ ನೀರು ತಗ್ಗು ಮನೆಯ ಅಂಗಳದವರೆಗೆ ಬಂದು ಇಳಿಯಿತಂತೆ. ಮೇಲಿನ ಮನೆಯ ಗೇಟಿಗೆ ಆ ದಿನ ಬೀಗ ಹಾಕಿರಲಿಲ್ಲವಂತೆ. ಇವರಿಗೆ ಹೋಗುವ ಅಗತ್ಯ ಬೀಳಲಿಲ್ಲ. ಇದನ್ನು ನನಗೆ ಹೇಳಿದ್ದು ಬಟ್ಟೆ ಅಂಗಡಿಯ ಆ ತಂದೆಯೇ, ಒಂದು ಸಮಿತಿ ಸಭೆಯ ನಂತರ ಚಹಾ ಕುಡಿಯುವಾಗ. ಹೇಳಿ, ಬೇರೇನೋ ಕೇಳುವವರಂತೆ ನಿಂತು, ಲ್ಯಾಬಿನ ಫ್ಯಾನು ಸರಿ ಉಂಟಾ ಎಂದು ಕೇಳಿದರು.

ಅಷ್ಟರಲ್ಲಿ ಬ್ಲಾಗೆಂಬುದು ಮೇಲಿನವರಿಗೂ ಇಷ್ಟವಾಗಿತ್ತು. ಪ್ರತಿ ಶಾಲೆಯೂ ಬ್ಲಾಗು ಮಾಡಬೇಕು, ತಿಂಗಳಿಗೆ ಇಷ್ಟು ಹಾಕಬೇಕು, ಹಾಕಿದ್ದರ ವರದಿ ಕಳಿಸಬೇಕು ಎಂದು ಸುತ್ತೋಲೆ ಬಂತು. ನಮ್ಮದನ್ನು ಮಾದರಿಯೆಂದು ಯಾರೋ ಹೇಳಿದರಂತೆ. ಮುಖ್ಯೋಪಾಧ್ಯಾಯರು ಹೆಮ್ಮೆಯಿಂದ ಅದನ್ನು ಓದಿ ಹೇಳಿದರು. ಆಮೇಲೆ ಬ್ಲಾಗಿನ ತುಂಬ ಧ್ವಜಾರೋಹಣ, ಗಿಡ ನೆಡುವುದು, ಅತಿಥಿಗಳಿಗೆ ಹೂ ಕೊಡುವುದು, ಅದರ ಫೋಟೋಗಳು. ಫೋಟೋಕ್ಕೆ ಒತ್ತಕ್ಷರದ ತೊಂದರೆ ಇಲ್ಲ.

ಎರಡು ವರ್ಷದ ಹಿಂದೆ ನನಗೆ ವರ್ಗವಾಗಿ ಮೂಡುಬಿದಿರೆಯ ಹತ್ತಿರದ ಶಾಲೆಗೆ ಬಂದೆ. ಮನೆಯಿಂದ ಹತ್ತು ನಿಮಿಷ. ಇಲ್ಲಿಯೂ ಬ್ಲಾಗಿನ ಕೆಲಸ ನನ್ನ ತಲೆಗೇ ಬಿತ್ತು, ಅನುಭವ ಉಂಟಲ್ಲ ಎಂದು. ಬೇಡವೆನ್ನಲು ಬೇಕಾದ ಶಕ್ತಿಯೂ ಈಗ ಇಲ್ಲ. ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಫೋಟೋ ಹಾಕುವ ಕೆಲಸವನ್ನು ಒಬ್ಬರು ಹೊಸ ಟೀಚರಿಗೆ ವಹಿಸಿದ್ದೇನೆ. ಬರಹದ ಕೆಲಸ ಇಟ್ಟುಕೊಂಡಿದ್ದೇನೆ. ಮಕ್ಕಳು ಬರೆದದ್ದನ್ನು ಶನಿವಾರ ಮೊದಲು ತರಗತಿಯಲ್ಲಿ ಓದುತ್ತಾರೆ. ಓದಲು ಮನಸ್ಸಿಲ್ಲದವರು ನನಗೆ ಮಾತ್ರ ಕೊಡಬಹುದು. ಯಾರದ್ದು ಹಾಕುವುದು, ಯಾರದ್ದು ಬಿಡುವುದು ಎಂದು ಬರೆದವರನ್ನೇ ಕೇಳುತ್ತೇನೆ. ಹಾಕಿದ್ದನ್ನು ತೆಗೆಯಬೇಕಾದರೂ ಕೇಳುತ್ತೇನೆ. ಬರಹದೊಳಗೆ ಇನ್ನೊಬ್ಬರಿದ್ದರೆ, "ಅವರಿಗೆ ತೋರಿಸಿದಿಯಾ?" ಎಂದು ಕೇಳುತ್ತೇನೆ. ಹೆಚ್ಚಿನವರು ತೋರಿಸಿ ಬಂದು, "ಇನ್ನು ಹಾಕುದು ಬೇಡ ಟೀಚರ್, ಆಯ್ತು," ಎನ್ನುತ್ತಾರೆ. ಹಾಗಾಗಿ ನಮ್ಮ ಬ್ಲಾಗು ತೆಳ್ಳಗಿದೆ. ಈ ತಿಂಗಳು ಮೂರೇ ಬರಹ ಯಾಕೆ ಎಂದು ಇಲ್ಲಿಯ ಮುಖ್ಯೋಪಾಧ್ಯಾಯಿನಿ ಕೇಳಿದ್ದಾರೆ. ಮಕ್ಕಳು ಬರೀತಾ ಇದ್ದಾರೆ ಮೇಡಂ ಎಂದೆ. ಬರೆದದ್ದು ಎಲ್ಲಿ ಉಂಟು ಎಂದರು.

ಕಳೆದ ಶನಿವಾರ ಎಂಟನೇ ತರಗತಿಯ ಒಬ್ಬಳು ತನ್ನ ಅಣ್ಣನ ಬಗ್ಗೆ ಬರೆದದ್ದನ್ನು ಓದಿದಳು. ಅವನಿಗೆ ಮಾತು ಬರುವುದಿಲ್ಲ. ಮನೆಗೆ ನೆಂಟರು ಬಂದಾಗ ಅವನನ್ನು ಒಳಗಿನ ಕೋಣೆಯಲ್ಲಿ ಕೂರಿಸುತ್ತಾರೆ, ಆಗ ಅವನಿಗೆ ಜೊತೆಯಾಗಿ ಅವಳೂ ಹೋಗಿ ಕೂರುತ್ತಾಳೆ, ಇಬ್ಬರೂ ಮಿಕ್ಸ್ಚರ್ ತಿನ್ನುತ್ತಾರೆ. ಗಂಟೆ ಹೊಡೆದ ಮೇಲೆ ಅವಳನ್ನು ಕರೆದು, "ಇದನ್ನು ಹಾಕುವಾ?" ಎಂದು ಕೇಳಿದೆ.

"ಮನೆಯಲ್ಲಿ ಕೇಳಿ ಹೇಳ್ತೇನೆ ಟೀಚರ್."

"ಅಣ್ಣನತ್ರವೂ ಕೇಳು."

"ಅವನತ್ರವೇ ಮೊದಲು," ಎಂದಳು.

ಇವತ್ತಿಗೆ ಐದು ದಿನವಾಯಿತು. ಅವಳು ಇನ್ನೂ ಹೇಳಿಲ್ಲ. ನಾನೂ ಪುನಃ ಕೇಳಿಲ್ಲ.